ತಿರುಗಿ ಬಂದ ಎರಡು ಟ್ರೇ ತತ್ತಿ

ಜುಲೈ 21, ಸೋಮವಾರ

ಕೋಳಿ ಫಾರಂ ಗಾಡಿ ಇವತ್ತೂ ತಡ. ಇಳಿಸುವಾಗ ನಡುವಿನ ಟ್ರೇಗಳಲ್ಲಿ ಒಡೆದವು ಸಿಕ್ಕವು, ಹಳದಿ ಸೋರಿ ಕೆಳಗಿನವೆಲ್ಲ ಅಂಟು. ಡ್ರೈವರ್ ದಾವಣಗೆರೆ ಕಡೆಯವನು. ‘ಮೊಟ್ಟೆ ಹಿಡಿಯೋಕೂ ಬರಲ್ವೇನೋ ನಿಂಗೆ’ ಎಂದು ನನಗೇ ಬೈದ. ಗೈಬುಸಾಬ ಮಾಮಾ ಅಂಗಡಿಯ ಒಳಗಿನಿಂದ ಅವನಿಗೆ ಬೈದ. ಇಬ್ಬರ ನಡುವೆ ನಾನು ಒದ್ದೆ ಬಟ್ಟೆ ಹಿಡಿದು ತತ್ತಿ ಒರೆಸುತ್ತ ನಿಂತೆ. ಇದೇ ಕೆಲಸ. ಗ್ಯಾರೇಜ್ ಬಿಟ್ಟೆ, ಮೊಬೈಲ್ ಅಂಗಡಿ ಬಿಟ್ಟೆ. ಇದನ್ನೂ ಬಿಡಬೇಕು ಅನ್ನಿಸುತ್ತದೆ. ಮಾಮಾ ಅವ್ವನ ಸ್ವಂತ ತಮ್ಮ. ಅದಕ್ಕೇ ತಡೆದಿದ್ದೇನೆ.

ಬೆಳಿಗ್ಗೆ ಪರಪ್ಪ ಮಾಸ್ತರ ಬಂದಿದ್ದರು. ನಮ್ಮೂರ ಶಾಲೆಯ ಹೆಡ್ ಮಾಸ್ತರ. ಬಿಸಿಯೂಟದ ಜೊತೆ ಮಕ್ಕಳಿಗೆ ಕೊಡುವ ತತ್ತಿಯನ್ನು ಅವರೇ ಮುದ್ದೇಬಿಹಾಳದ ನಮ್ಮ ಅಂಗಡಿಗೆ ಬಂದು ಒಯ್ಯಬೇಕು. ವಾರದ್ದು ಒಂದೇ ಸಲ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಹಿಂದೆ ಗಿರಾಕಿಗಳು ನಿಂತಿದ್ದರು.

‘ಮಾಸ್ತರ, ತತ್ತಿನೂ ನಿಮ್ಮ ಪಾಠ ಕೇಳತಾವೇನ್ರಿ?’

‘ನಿಮ್ಮ ಹುಡುಗರಕಿಂತ ಛಲೋ ಕೇಳತಾವ್ರಿ.’

ಎಲ್ಲರೂ ನಕ್ಕರು. ಮಾಸ್ತರರು ಬೈಕಿನ ಸೀಟಿನ ಮೇಲೆ ಗೋಣಿಚೀಲ ಮಡಿಚಿ ಹಾಸಿ, ಟ್ರೇ ಇಟ್ಟು, ಹಗ್ಗ ಕಟ್ಟಿದರು. ಕಟ್ಟಿಕೊಡುತ್ತೇನೆ ಅಂದರೆ ಹಗ್ಗ ಕೊಡುವುದಿಲ್ಲ. ಹೋಗುವುದೂ ಹಾಗೇ, ಹಿಂದೆ ಬಾಣಂತಿ ಕೂತ ಹಾಗೆ, ಮೆಲ್ಲಗೆ.

ಅವರು ತಿರುಗಿದ ಮೇಲೆ ಒಬ್ಬ ಅಂದ: ‘ಸಾಲಿ ಬಿಟ್ಟು ಬಜಾರ ತಿರಗಾಕ ಪಗಾರ.’ ನಾನೂ ನಕ್ಕೆ. ಶಾಲೆಗೆ ಇನ್ನೂ ಹೊತ್ತಿತ್ತು, ಅದು ನನಗೆ ಗೊತ್ತಿತ್ತು. ಆದರೂ ನಕ್ಕೆ.

ಮಾಸ್ತರರೆಂದರೆ ನನಗೆ ಅಷ್ಟಕ್ಕಷ್ಟೆ. ಹೈಸ್ಕೂಲಿನ ಗಣಿತದ ಸರ್ ನಾನು ಹೋಗದಿದ್ದರೂ ಹಾಜರಿ ಹಾಕುತ್ತಿದ್ದರು, ಹೋದರೆ ಮುಖ ನೋಡುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಎರಡು ಸಲ ಹೋಯಿತು. ಮೂರನೇ ಸಲ ಫೀ ಕಟ್ಟಲಿಲ್ಲ.

ಈ ಡೈರಿಯನ್ನು ಯಾರೂ ಓದುವುದಿಲ್ಲ. ಹಾಗಾಗಿ ಇಲ್ಲಿ ಸುಳ್ಳು ಬರೆಯುವುದಿಲ್ಲ. ಹೊರಗೂ ಹೇಳುವುದಿಲ್ಲ, ಅದು ಊರಿಗೇ ಗೊತ್ತು.


ಜುಲೈ 26, ಶನಿವಾರ

ನಿನ್ನೆಯಿಂದ ಶ್ರಾವಣ. ಅಂಗಡಿ ಖಾಲಿ. ಅರ್ಧ ಊರು ತತ್ತಿ ಮುಟ್ಟುವುದಿಲ್ಲ. ಮಾಮಾ ತಾಳಿಕೋಟೆಗೆ ಮಾಲು ಇಳಿಸಲು ಹೋಗಿದ್ದ. ಫೋನ್ ನೋಡುತ್ತ ಕೂತಿದ್ದೆ.

ಶಾಲೆಗೆ ಮುಂಚೆ ಮಾಸ್ತರರು ಬಂದರು. ಬೈಕಿನ ಹಿಂದೆ ಎರಡು ಟ್ರೇ. ಸೋಮವಾರ ಒಯ್ದವೇ.

‘ತಿರುಗಿ ತಗೋತೀಯೇನು ತಮ್ಮಾ? ಹಂಗ ಇಟ್ರ ಹಾಳಾಗತಾವ.’

ನೋಡಿದೆ. ಚೆನ್ನಾಗಿದ್ದವು. ಗಲ್ಲಾದಿಂದ ರೊಕ್ಕ ತೆಗೆದು ಕೊಟ್ಟೆ. ಬಿಲ್ಲು ಗಿಲ್ಲು ಏನೂ ಇಲ್ಲ. ಜೇಬಿಗೆ ಹಾಕಿಕೊಂಡು ರಸ್ತೆ ದಾಟಿದರು. ನಾನು ಫೋನಿಗೆ ತಿರುಗಿದೆ.

ಸಂಜೆ ಊರಲ್ಲಿ ಕಟ್ಟೆಯ ಮೇಲೆ ರಾವಸಾಬ ಮಾಸ್ತರರ ರಜೆ ಎಣಿಸುತ್ತಿದ್ದ. ಅವನ ಚಹಾದಂಗಡಿ ಕಟ್ಟೆಗೆ ಹತ್ತಿಕೊಂಡೇ ಇದೆ. ‘ಐತವಾರ ರಜಾ, ಶನಿವಾರ ಅರ್ಧಾ, ದಸರಾಕ ರಜಾ, ಬ್ಯಾಸಗಿಗೆ ರಜಾ. ಉಳಿದ ದಿನಾ ಟ್ರೇನಿಂಗ್. ನಾ ಒಂದ ದಿನಾ ಒಲಿ ಹಚ್ಚಲಿಲ್ಲ ಅಂದ್ರ ನೀವ ಬಾಗಿಲ ಒದೀತೀರಿ.’ ಮಜಾ ಬರುತ್ತಿತ್ತು. ನಾನೂ ಏನಾದರೂ ಹಾಕಬೇಕು ಅನ್ನಿಸಿತು. ಕಟ್ಟೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ, ಸಾಲಿ ಬಿಟ್ಟ ಹುಡುಗ.

‘ಇವತ್ತ ಮಾಸ್ತರ ನಮ್ಮ ಅಂಗಡಿಗೆ ಎರಡ ಟ್ರೇ ತತ್ತಿ ತಿರುಗಿ ಕೊಟ್ಟ್ರು. ರೊಕ್ಕಾ ನಾನ ಕೊಟ್ಟೇನಿ.’

ಎಲ್ಲರೂ ನನ್ನ ಕಡೆ ತಿರುಗಿದರು.

‘ಸಾಲಿ ಹುಡುಗರ ತತ್ತಿ?’

‘ಹೂಂ.’

‘ಖರೇ?’

‘ನಾ ಯಾವತ್ತರ ಸುಳ್ಳ ಹೇಳೇನೇನು?’

ಎಂಥ ನಗು! ರಾವಸಾಬ ಅಲ್ಲೇ ಹೆಸರಿಟ್ಟ: ತತ್ತಿ ಮಾಸ್ತರ. ನನಗೆ ಒಂದು ಚಹಾ ಪುಗಸಟ್ಟೆ ಕೊಟ್ಟ.

ಕಂಡದ್ದು ಹೇಳಿದೆ. ಒಂದಕ್ಷರ ಸೇರಿಸಲಿಲ್ಲ.


ಜುಲೈ 31

ಪಂಚಮಿ ಮುಗಿಯಿತು. ಪಂಚಮಿ ಉಂಡಿಯ ಜೊತೆ ಮಾತೂ ಮನೆಮನೆಗೆ ಹೋಗಿದೆ. ಊರ ವಾಟ್ಸಾಪ್ ಗ್ರೂಪಿನಲ್ಲಿ ರಾವಸಾಬ ಹಾಕಿದ್ದಾನೆ: ‘ಮಕ್ಕಳ ತತ್ತಿ ಬಜಾರಕ್ಕೆ. ಸಾಕ್ಷಿ ಇದೆ.’ ಕೆಳಗೆ ತತ್ತಿಯ ಚಿತ್ರಗಳ ಸಾಲು. ಒಬ್ಬ ಬರೆದಿದ್ದ, ಕೆಲಸ ಇಲ್ಲ ಬೊಗಸಿ ಇಲ್ಲ, ಅದಕ್ಕೇ ವ್ಯಾಪಾರಕ್ಕೆ ಇಳಿದಾರ.

ಎರಡು ಟ್ರೇ ಹತ್ತು ಟ್ರೇ ಆಗಿದೆ. ಹತ್ತು ನಾನು ಹೇಳಿಲ್ಲ. ಗ್ರೂಪಿನಲ್ಲಿ ಎರಡು ಎಂದು ಬರೆದೆ. ಯಾರೋ ಹೆಬ್ಬೆರಳು ಒತ್ತಿದರು, ಅಷ್ಟೆ.


ಆಗಸ್ಟ್ 4, ಸೋಮವಾರ

ಈ ಸೋಮವಾರ ಮಾಸ್ತರರು ಬರಲಿಲ್ಲ. ಹೋದ ಸೋಮವಾರವೂ ಬಂದಿರಲಿಲ್ಲ.

ಗಿರಾಕಿ ಇಲ್ಲ ಎಂದು ಎದುರಿನ ಸುಲ್ತಾನಬಿಯ ಬಾಳೆಹಣ್ಣಿನ ಗಾಡಿಯ ಹತ್ತಿರ ಹೋಗಿ ನಿಂತೆ. ನಮ್ಮ ಅಂಗಡಿಗೂ ಅವಳ ಗಾಡಿಗೂ ನಡುವೆ ರಸ್ತೆ ಒಂದೇ.

‘ನಿಮಗ ಶ್ರಾವಣ ಬಂದ್ರ ನೊಣಾ ಹೊಡಿಯೋದು, ನಮಗ ಸುಗ್ಗಿ,’ ಅಂದಳು. ‘ನಿಮ್ಮೂರ ಮಾಸ್ತರ ಅವತ್ತ ಗಾಡಿ ಅರ್ಧಾ ಖಾಲಿ ಮಾಡಿದ್ನಪಾ.’

‘ಯಾವತ್ತ?’

‘ನಿಮ್ಮ ಅಂಗಡಿಗೆ ತತ್ತಿ ಕೊಟ್ಟು ಬಂದ್ನಲ್ಲ, ಅವತ್ತ. ಶ್ರಾವಣಾ ಹಿಡದ ಹುಡುಗೋರು ತತ್ತಿ ಒಲ್ಲೆ ಅಂದಾರ. ಅವಕ್ಕ ಹಣ್ಣ ಬೇಕಲ್ಲ. ನೀ ಕೊಟ್ಟ ರೊಕ್ಕಾ ಹಂಗ ನನ್ನ ಕೈಯಾಗಿಟ್ಟ. ಮ್ಯಾಲ ತನ್ನ ಕಿಸೇದಾಗಿಂದು ಹಾಕಿದ.’

ಅವಳು ಬೇರೆ ಗಿರಾಕಿಗೆ ಹಣ್ಣು ಮುರಿದು ಕೊಡತೊಡಗಿದಳು. ನಾನು ಬಿಸಿಲಲ್ಲೇ ನಿಂತಿದ್ದೆ.


ಆಗಸ್ಟ್ 5

ರಾವಸಾಬನಿಗೆ ಹೇಳಿದೆ. ಎಲ್ಲ. ಬಾಳೆಹಣ್ಣು, ರೊಕ್ಕ, ಕಿಸೆ.

‘ಬಾಳಿಹಣ್ಣಿನ ಕಥಿ ಯಾರಿಗೆ ಬೇಕಲೇ?’ ಅಂದ.

‘ಬೇಕಾಗಲಿ ಬ್ಯಾಡಾಗಲಿ, ಖರೇ ಐತಿ.’

‘ಜಹೀರ್ಯಾ, ನೀ ಮಾಸ್ತರರ ವಕೀಲ ಯಾವಾಗ ಆದಿ? ನಿನ್ನ ಎಸ್ಸೆಸ್ಸೆಲ್ಸಿ ಪಾಸ್ ಮಾಡಸ್ತೇನಿ ಅಂದಾರೇನು?’

ಕಟ್ಟೆ ನಕ್ಕಿತು. ಚಹಾ ಮುಂದೆ ಸರಿಸಿದ. ಕುಡಿದೆ. ಯಾಕೆ ಕುಡಿದೆ, ಗೊತ್ತಿಲ್ಲ. ಸಿಹಿ ಹೆಚ್ಚಾಗಿತ್ತು.


ಆಗಸ್ಟ್ 7

ಮಾಮಾನ ಕಿವಿಗೆ ಬಿತ್ತು.

‘ನೀ ಹೇಳಿದ್ದೇನು?’

‘ಹೌದು. ಖರೇ ಇತ್ತು, ಹೇಳಿದೆ.’

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಕೈಯಲ್ಲಿದ್ದ ಟ್ರೇ ಕೆಳಗಿಟ್ಟ.

‘ಈ ಬಜಾರದಾಗ ಯಾರು ಏನು ಒಯ್ತಾರ, ಏನು ತಿರುಗಿ ತರ್ತಾರ ನನಗ ಗೊತ್ತಿಲ್ಲೇನು? ದೊಡ್ಡ ದೊಡ್ಡ ಮನಿಯವರು ಶ್ರಾವಣದಾಗ ಹಿಂದಿನ ಬಾಗಿಲಿಂದ ತತ್ತಿ ಒಯ್ತಾರ. ನನ್ನ ಬಾಯಿಂದ ಯಾವಾಗರ ಹೊರಗ ಬಿದ್ದೈತೇನು? ಅಂಗಡ್ಯಾಗಿನ ಮಾತು ಅಂಗಡ್ಯಾಗ ಇರಬೇಕು. ಇಷ್ಟ ತಿಳೀದಿದ್ರ ತತ್ತಿ ಒರಸಾಕೂ ನೀ ಲಾಯಕ್ಕಿಲ್ಲ.’

ಮಾಮಾನಿಗೆ ಗಿರಾಕಿ ಹೋದ ಸಿಟ್ಟು. ಮಾಸ್ತರರು ಈಗ ತಾಳಿಕೋಟೆಯಿಂದ ಒಯ್ಯುತ್ತಾರಂತೆ. ದೂರದ ದಾರಿ. ಗುಂಡಿಗಳು. ಒಡೆಯದಂತೆ ಹೇಗೆ ಒಯ್ಯುತ್ತಾರೋ.

ಊಟ ಸೇರಲಿಲ್ಲ. ಅವ್ವ ಕೇಳಿದಳು, ‘ಖರೇ ಹೇಳೇನಿ ಅಂತಿ, ಮತ್ತ ತುತ್ತ ಯಾಕ ಇಳೀವಲ್ದು?’


ಆಗಸ್ಟ್ 11, ಸೋಮವಾರ

ಮಾಮಾ ನನ್ನನ್ನೇ ಶಾಲೆಗೆ ಕಳಿಸಿದ, ತತ್ತಿ ಕೊಟ್ಟು. ‘ಮುಟ್ಟಿಸೋದು ನಮ್ಮ ಕೆಲಸ ಅಂತ ಹೇಳು. ಇನ್ನೊಂದ ಮಾತ ಆಡಿದ್ರ ನೋಡು.’ ನಾನು ಬೇರೆಯದನ್ನು ಹೇಳಬೇಕೆಂದು ಹೋದೆ. ನಾನೇ ಹೇಳಿದ್ದು ಸರ್, ಅಂತ. ದಾರಿಯುದ್ದಕ್ಕೂ ಹೇಳಿಕೊಂಡೆ.

ನಾನು ಕಲಿತ ಶಾಲೆಯೇ. ಆಗ ಈ ಮಾಸ್ತರರು ಇರಲಿಲ್ಲ. ಈಗ ಇರುವವರು ಇಬ್ಬರೇ, ಇವರು ಮತ್ತು ಭಾಗ್ಯಜ್ಯೋತಿ ಟೀಚರ್. ಟೀಚರ್ ತರಬೇತಿಗೆಂದು ವಿಜಯಪುರಕ್ಕೆ ಹೋಗಿದ್ದರು. ಐದು ತರಗತಿಯ ಮಕ್ಕಳು ಎರಡು ಕೋಣೆಯಲ್ಲಿ, ನಡುವಿನ ಬಾಗಿಲಲ್ಲಿ ಮಾಸ್ತರರು. ಎಡಗಡೆ ಮಗ್ಗಿ, ಬಲಗಡೆ ಕಾಗುಣಿತ.

ಅಡುಗೆ ಕೋಣೆಯಿಂದ ಲಕ್ಕವ್ವ ಕೂಗಿದಳು: ‘ಎಷ್ಟ ತತ್ತಿ ಕುದಿಸ್ಲಿರೀ ಸರ?’

ಆಗ ಕೈ ಎತ್ತಿಸಿ ಎಣಿಸಬೇಕು. ಶ್ರಾವಣ ಸೋಮವಾರ. ಮನೆಯಲ್ಲಿ ಬೇಡ ಅಂದವರು ಬಾಳೆಹಣ್ಣಿಗೆ. ಒಬ್ಬ ಹುಡುಗ ಹಣ್ಣಿಗೆ ಕೈ ಎತ್ತಿ, ಪಕ್ಕದವನು ತತ್ತಿಗೆ ಎತ್ತಿದ್ದು ನೋಡಿ ಅದಕ್ಕೂ ಎತ್ತಿದ. ‘ನಿಮ್ಮವ್ವ ನನ್ನ ಬೈತಾಳೋ,’ ಅಂದರು ಮಾಸ್ತರ. ‘ಹೇಳಂಗಿಲ್ರಿ ಸರ,’ ಅಂದ ಹುಡುಗ. ಮತ್ತೆ ಮೊದಲಿಂದ ಎಣಿಕೆ. ದಿನಾ ಹೀಗೆಯೇ ಅಂತೆ. ಯಾವ ದಿನ ಎಷ್ಟು ಬೇಕು ಎಂದು ಸೋಮವಾರವೇ ತಿಳಿಯುವುದು ಹೇಗೆ?

ಅಷ್ಟರಲ್ಲಿ ಒಬ್ಬಳ ಅಪ್ಪ ಆಧಾರ್ ಕಾರ್ಡು ಹಿಡಿದು ಬಂದ. ಮಾಸ್ತರರು ನನ್ನ ಕಡೆ ನೋಡಿದರು. ‘ಜಹೀರ, ಮೂರನೇತ್ತೆಯವರನ್ನ ಚೂರು ನೋಡ್ಕೋ. ಗದ್ದಲ ಮಾಡದಂಗ ಅಷ್ಟ.’

ಅಷ್ಟೇ! ಸುಮ್ಮನಿರಿ ಅಂದೆ, ನಕ್ಕರು. ಜೋರಾಗಿ ಅಂದೆ, ಇನ್ನೂ ನಕ್ಕರು. ಒಬ್ಬಳು ನೀರಿಗೆ, ಅವಳ ಹಿಂದೆ ನಾಲ್ವರು. ಒಬ್ಬ ಇನ್ನೊಬ್ಬನ ಪಾಟಿಯ ಮೇಲೆ ಕೂತ. ಅತ್ತವನನ್ನು ಸಮಾಧಾನ ಮಾಡಲು ಹೋದರೆ ಅಳದವನೂ ಅತ್ತ. ಮಾಸ್ತರರು ಬರುವಷ್ಟರಲ್ಲಿ ನನ್ನ ಗಂಟಲು ಹೋಗಿತ್ತು. ಅವರು ಒಳಗೆ ಬಂದರು. ಸುಮ್ಮನೆ ಸೀಮೆಸುಣ್ಣ ತೆಗೆದುಕೊಂಡರು. ಎಲ್ಲರೂ ಕೂತರು.

ಊಟದ ಲೆಕ್ಕವನ್ನು ಫೋನಿನಲ್ಲಿ ಕಳಿಸಬೇಕು. ನೆಟ್‌ವರ್ಕ್ ಸಿಗುವುದು ನಲ್ಲಿಕಟ್ಟೆಯ ಮೇಲೆ ಮಾತ್ರ. ಅಲ್ಲಿ ಹತ್ತಿ ಫೋನ್ ಎತ್ತಿ ಹಿಡಿದು ನಿಂತಿದ್ದರು. ರಸ್ತೆಯಲ್ಲಿ ಬೈಕಿನವನೊಬ್ಬ ಕೂಗಿದ, ‘ಏನ್ರಿ ಮಾಸ್ತರ, ರೀಲ್ಸ್ ಛಲೋ ಅದಾವೇನು?’ ಪಕ್ಕದಲ್ಲೇ ನಾನಿದ್ದೆ. ಒಂದು ಮಾತು ಆಡಬಹುದಿತ್ತು.

ಹೇಳಬೇಕೆಂದು ಹೋದದ್ದನ್ನೂ ಹೇಳಲಿಲ್ಲ. ‘ಮುಟ್ಟಿಸೋದು ನಮ್ಮ ಕೆಲಸ್ರಿ,’ ಅಂದೆ. ಗಿಳಿಯ ಹಾಗೆ. ಅವರು ‘ಬ್ಯಾಡಪಾ, ಬಿಲ್ ಕೊಡೋ ಅಂಗಡಿ ಸಿಕ್ಕೈತಿ,’ ಅಂದರು. ಸಿಟ್ಟಿರಲಿಲ್ಲ. ತತ್ತಿ ತಿರುಗಿ ತಂದೆ.


ಆಗಸ್ಟ್ 15

ಧ್ವಜ ಏರಿತು. ಮಕ್ಕಳು ಹಾಡಿದರು. ಮಾಸ್ತರರು ಬಿಳಿ ಅಂಗಿ, ಕುತ್ತಿಗೆಯ ಗುಂಡಿಯೂ ಹಾಕಿದ್ದರು. ಬೂಂದಿ ಹಂಚುವಾಗ ಹಿಂದಿನಿಂದ ರಾವಸಾಬ:

‘ತತ್ತಿ ಇಲ್ಲೇನ್ರಿ ಮಾಸ್ತರ ಇವತ್ತ? ಎಲ್ಲಾ ಮಾರಿದ್ರೇನು?’

ಊರು ನಕ್ಕಿತು. ಮಕ್ಕಳೂ ನಕ್ಕರು, ದೊಡ್ಡವರು ನಕ್ಕರೆಂದು.

‘ಇವತ್ತ ಬೂಂದಿ ರಿ,’ ಅಂದರು ಮಾಸ್ತರ, ನಕ್ಕಂತೆ ಮಾಡಿ. ‘ಕೈ ಹಿಡೀರಿ.’

ರಾವಸಾಬನಿಗೂ ಹಾಕಿದರು. ನನಗೂ. ಕೈಯಲ್ಲಿ ಬೂಂದಿ ಹಿಡಿದೇ ಮನೆಗೆ ಬಂದೆ. ಅವ್ವನಿಗೆ ಕೊಟ್ಟೆ.


ಆಗಸ್ಟ್ 19

ಮಾಸ್ತರರ ಮೇಲೆ ಊರಿಂದ ಅರ್ಜಿ ಹೋಗಿದೆ. ಶಿಕ್ಷಣ ಇಲಾಖೆಯಿಂದ ಸಾಹೇಬರು ವಿಚಾರಣೆಗೆ ಬರುತ್ತಾರೆ, ಬರುವ ಸೋಮವಾರ. ಖರೇ ಅಂತಾದರೆ ಮಾಸ್ತರ ಸಸ್ಪೆಂಡ್. ರಾವಸಾಬ ಹೆಗಲ ಮೇಲೆ ಕೈ ಹಾಕಿ ಹೇಳಿದ:

‘ಸಾಕ್ಷಿ ಅಂತ ನಿನ್ನ ಹೆಸರ ಬರದೇವಿ.’

‘ನಂದ್ಯಾಕ?’

‘ನೀ ಸುಳ್ಳ ಹೇಳಂಗಿಲ್ಲಲ್ಲೋ. ಇಡೀ ಊರಾಗ ಅಂಥಾವ ನೀ ಒಬ್ಬನ.’

ಹೊಗಳಿದ್ದು ಅದು. ಅವನು ಕೆಟ್ಟವನೇನಲ್ಲ. ಶಾಲೆಯ ಕಂಪೌಂಡು ಬಿದ್ದಾಗ ತಾನೇ ನಿಂತು ಕಟ್ಟಿಸಿದ. ಮಾಸ್ತರರು ಕೂತು ತಿನ್ನುತ್ತಾರೆ ಎಂದು ಮನಸ್ಸಿನಿಂದಲೇ ನಂಬಿದ್ದಾನೆ. ನಾನೂ ನಂಬಿದ್ದೆ.


ಆಗಸ್ಟ್ 21, ಗುರುವಾರ

ಶಾಲೆ ಬಿಡುವ ಹೊತ್ತಿಗೆ ಹೋದೆ. ಹಿಂದುಗಡೆ ಲಕ್ಕವ್ವ ಗುದ್ದಲಿ ಹಿಡಿದು ತಗ್ಗು ತೋಡುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ಕುದಿಸಿದ ತತ್ತಿ. ಸುಲಿದದ್ದು, ಬೆಳ್ಳಗೆ. ಒಂದೊಂದಾಗಿ ತಗ್ಗಿಗೆ ಹಾಕಿದಳು.

‘ಏನ್ ಮಾಡಾಕತ್ತಿ ಲಕ್ಕವ್ವಾ? ಛಲೋ ಅದಾವಲ್ಲ!’

‘ಉಳದಾವಪಾ. ಮೊದಲ ಎಣಿಸಿ ಕುದಸ್ತಿದ್ದೆ, ಉಳದ ಹಸೇವು ಸರು ಬದಲ ಮಾಡಿಸಿ ಹಣ್ಣ ತರ್ತಿದ್ರು. ಅರ್ಜಿ ಹೋದಾಗಿಂದ ಕಾಗದದಾಗ ಇದ್ದಷ್ಟೂ ಕುದಸ್ಬೇಕು. ತಿನ್ನಲಿಲ್ಲ ಅಂದ್ರ ಮಣ್ಣಾಗ. ನಾ ಮನಿಗೆ ಒಯ್ದ್ರ ಊರು ನನಗೂ ಒಂದು ಹೆಸರ ಇಡ್ತೈತಿ.’

ಎರಡು ಮಕ್ಕಳು ಚೀಲ ತೂಗಿಹಾಕಿಕೊಂಡು ನೋಡುತ್ತ ನಿಂತಿದ್ದವು. ಲಕ್ಕವ್ವ ಮಣ್ಣು ಎಳೆದಳು, ಕಾಲಿನಿಂದ ತುಳಿದಳು.

ಮಾಸ್ತರರು ಕೋಣೆಗೆ ಬೀಗ ಹಾಕುತ್ತಿದ್ದರು. ಹೇಳಿಬಿಟ್ಟೆ.

‘ನಾನ ಹೇಳಿದ್ದು ಸರ.’

‘ಗೊತ್ತೈತಿ.’

‘ಯಾವಾಗ ಗೊತ್ತಾತ್ರಿ?’

‘ರೊಕ್ಕಾ ಕೊಟ್ಟಾವ ನೀನು. ಅಂಗಡ್ಯಾಗ ಮತ್ತ ಯಾರಿದ್ರು?’

ಅಂದರೆ ಅವತ್ತು ಮೂರನೇತ್ತೆಯನ್ನು ನನ್ನ ಕೈಗೆ ಕೊಟ್ಟಾಗಲೂ ಗೊತ್ತಿತ್ತು.

‘ಸೋಮವಾರ ನಾ ಏನ ಹೇಳ್ಲಿರಿ?’

ಬೀಗ ಜಗ್ಗಿ ನೋಡಿದರು. ‘ಹಿಂಗ ಹೇಳು ಅಂತ ಹೇಳಾಕ ನಾ ಯಾರಪಾ? ಬಿಲ್ ಇಲ್ಲದ ತತ್ತಿ ತಿರುಗಿ ಕೊಟ್ಟಿದ್ದು ತಪ್ಪ. ನಂದ ತಪ್ಪ.’ ಬೈಕಿನ ತನಕ ಹೋಗಿ ತಿರುಗಿದರು. ‘ಒಂದ ಮಾತು. ಎರಡ ಟ್ರೇದಾಗ ಒಂದೂ ಒಡದಿದ್ದಿಲ್ಲ, ಹೌದಲ್ಲೋ? ಹೋಗುವಾಗನೂ, ಬರುವಾಗನೂ.’

‘ಒಂದೂ ಒಡದಿದ್ದಿಲ್ರಿ.’

‘ಅದನ್ನೂ ಹೇಳು.’


ಆಗಸ್ಟ್ 23

ಸುಲ್ತಾನಬಿಯ ಗಾಡಿ ಇಲ್ಲ. ಇಂಡಿಯಲ್ಲಿ ಮಗಳು ನಾಜಿಮಾ ಹಡೆದಿದ್ದಾಳೆ, ಮುದುಕಿ ಅಲ್ಲಿಗೆ ಹೋಗಿದ್ದಾಳೆ ಅಂದರು. ಫೋನ್ ಇಟ್ಟುಕೊಳ್ಳುವವಳಲ್ಲ. ಅವಳನ್ನು ಸಾಕ್ಷಿಗೆ ಕರೆತರಲು ಹೋಗಬೇಕಿತ್ತು. ಮಾಮಾ ಬಿಡಲಿಲ್ಲ, ಅಮಾವಾಸ್ಯೆ, ಇವತ್ತಿಗೆ ಶ್ರಾವಣ ಮುಗಿಯಿತು, ನಾಳೆಯಿಂದ ಗಿರಾಕಿ ಅಂದ. ನನ್ನ ಮಾತೇ ಸಾಕಾದೀತು ಅಂದುಕೊಂಡೆ. ನಾನು ಹೇಳಿದರೆ ಎಲ್ಲರೂ ನಂಬುತ್ತಾರಲ್ಲ.


ಆಗಸ್ಟ್ 25, ಸೋಮವಾರ

ಇವತ್ತು ವಿಚಾರಣೆ.

ಶಾಲೆಯ ಪಡಸಾಲೆಯಲ್ಲಿ ಸಾಹೇಬರಿಗೆ ಕುರ್ಚಿ. ಊರು ಅಂಗಳದಲ್ಲಿ. ಮಾಸ್ತರರು ತಮ್ಮದು ಹೇಳಿ ಒಳಗೆ ಹೋಗಿದ್ದರು, ಮಕ್ಕಳನ್ನು ಬಿಟ್ಟಿರಲಾಗದು ಎಂದು. ಒಳಗಿನಿಂದ ಮಗ್ಗಿ ಕೇಳುತ್ತಿತ್ತು.

ಸಾಹೇಬರು ನನಗಿಂತ ಮೊದಲು ಒಳಗಿನ ಮಕ್ಕಳನ್ನು ಕೇಳಿದರು. ‘ಆ ಶನಿವಾರ ಬಾಳೆಹಣ್ಣು ಕೊಟ್ರೇನ್ರಪ್ಪಾ?’

‘ಹೌದ್ರೀ ಸರ್!’ ಎಲ್ಲರೂ ಒಟ್ಟಿಗೆ.

‘ಚಕ್ಕುಲಿ ಕೊಟ್ರೇನು?’

‘ಹೌದ್ರೀ ಸರ್!’

ಅಂಗಳ ನಕ್ಕಿತು. ಸಾಹೇಬರೂ ನಕ್ಕು ಪೆನ್ನು ಕೆಳಗಿಟ್ಟರು. ಆಮೇಲೆ ನನ್ನನ್ನು ಕರೆದರು.

‘ತತ್ತಿ ವಾಪಸ್ ತಂದಿದ್ದು ನಿಜವೇ?’

‘ಖರೇರಿ. ಎರಡ ಟ್ರೇ. ಒಂದೂ ಒಡದಿದ್ದಿಲ್ರಿ.’

‘ಅದು ಬೇಡ. ಹಣ ಕೊಟ್ಟವರು ಯಾರು?’

‘ನಾನರಿ. ಅದರಾಗ ಮಾಸ್ತರು ಬಾಳಿಹಣ್ಣು ತಗೊಂಡಾರ್ರಿ. ಹುಡುಗೋರಿಗೆ.’

ಸಾಹೇಬರು ತಲೆ ಎತ್ತಿದರು. ‘ನೀನು ನೋಡಿದೀಯಾ?’

ಒಳಗೆ ಮಗ್ಗಿ ನಿಂತಿತ್ತು. ಅಂಗಳವೂ ನಿಂತಿತ್ತು. ಹೂಂ ಅನ್ನಬೇಕಿತ್ತು. ಒಂದು ಹೂಂ. ನಡೆದದ್ದೇ ಅದು, ಸುಳ್ಳೇನೂ ಆಗುತ್ತಿರಲಿಲ್ಲ. ಬಾಯಿ ತೆರೆದೆ.

‘ಇಲ್ರಿ. ನೋಡಿಲ್ಲ.’

‘ನೋಡಿದ್ದು ಅಷ್ಟೇ ಹೇಳು. ಕೇಳಿದ್ದು ಬೇಡ.’

ಬರೆದುಕೊಂಡರು. ಸಹಿ ಮಾಡಿದೆ. ರಾವಸಾಬ ಬೆನ್ನು ತಟ್ಟಿದ. ‘ಹುಡುಗ ಅಂದ್ರ ಹಿಂಗಿರಬೇಕು,’ ಅಂದ.

ಹಣ್ಣು ಮಾರಿದವಳನ್ನು ಗುರುವಾರದೊಳಗೆ ಆಫೀಸಿಗೆ ಕರೆತಂದರೆ ಅವಳದ್ದೂ ಬರೆದುಕೊಳ್ಳುತ್ತೇನೆ ಅಂದಿದ್ದಾರೆ ಸಾಹೇಬರು. ಒಳಗೆ ಮಗ್ಗಿ ಮತ್ತೆ ಶುರುವಾಯಿತು. ಬಿಟ್ಟಲ್ಲಿಂದಲ್ಲ, ಮೊದಲಿನಿಂದ.


ಆಗಸ್ಟ್ 26

ಇಂಡಿಗೆ ಹೋಗಿ ಬಂದೆ. ಮಾಮಾನಿಗೆ ಹೇಳದೆ. ಬಾಗೇವಾಡಿ, ಮನಗೂಳಿ ದಾಟಿ ವಿಜಯಪುರ, ಅಲ್ಲಿಂದ ಬೇರೆ ಬಸ್ಸು, ಲಿಂಬಿಹಣ್ಣಿನ ಚೀಲಗಳ ನಡುವೆ ನಿಂತು. ವಿಳಾಸ ಇರಲಿಲ್ಲ. ಮುದ್ದೇಬಿಹಾಳದಿಂದ ಬಂದ ಬಾಳೆಹಣ್ಣಿನ ಮುದುಕಿ ಎಂದು ಓಣಿ ಓಣಿ ಕೇಳಿದೆ. ಕೊನೆಗೆ ಒಬ್ಬಳು ತೋರಿಸಿದಳು. ಸುಲ್ತಾನಬಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು.

ಎಲ್ಲ ಕೇಳಿದಳು. ಕೂಸನ್ನು ಮಗಳ ಮಡಿಲಿಗೆ ಹಾಕಿ, ಕೈ ಒರೆಸಿಕೊಂಡು, ಚಪ್ಪಲಿ ಹುಡುಕಿದಳು. ಬಾ ಎಂದು ನಾನು ಅನ್ನುವ ಮೊದಲೇ.

ಬಸ್ಸಿನಲ್ಲಿ ಕೇಳಿದಳು: ‘ನೀ ನೋಡಿಲ್ಲ ಅಂತ ಹೇಳಿದೇನು?’

‘ಹೂಂ. ನೋಡಿಲ್ಲಲ್ಲ.’

‘ಹೆಂಗ ನೋಡ್ತಿ? ಬೈಕ್ ಹಿಡಿಯಾಕ ನಿನ್ನ ಕರದೆ. ಮಾಸ್ತರ ಒಬ್ಬನ ಹಣ್ಣಿನ ಚೀಲಾ ಕಟ್ಟಾಕ ಒದ್ದಾಡತಿದ್ದ, ಬೈಕ್ ವಾಲತಿತ್ತು. ಜಹೀರಾ, ಬಾರೋ, ಅಂತ ಎರಡ ಸಲಾ ಕೂಗಿದೆ. ನೀ ಆ ಫೋನಿನಾಗಿಂದ ತಲಿ ಎತ್ತಲಿಲ್ಲ. ಬಿಡವಾ, ಹುಡುಗ ಕೆಲಸದಾಗ ಐತಿ ಅಂದ ಮಾಸ್ತರ.’

ಕೆಲಸದಾಗ ಐತಿ.

ಕಿಟಕಿ ಕಡೆ ತಿರುಗಿ ಕೂತೆ. ಬಾಗೇವಾಡಿ ಬರುವವರೆಗೂ ತಿರುಗಲಿಲ್ಲ.


ಆಗಸ್ಟ್ 28, ಗುರುವಾರ

ಸುಲ್ತಾನಬಿ ಆಫೀಸಿನಲ್ಲಿ ಹೇಳಿದಳು. ಹೆಬ್ಬೆಟ್ಟು ಒತ್ತಿದಳು. ‘ಬಿಲ್ ಯಾಕೆ ಕೊಡಲಿಲ್ಲ?’ ಅಂದರು ಸಾಹೇಬರು. ‘ನೀವು ಯಾವತ್ತರ ಬಾಳಿಹಣ್ಣಿಗೆ ಬಿಲ್ ಇಸಗೊಂಡೀರೇನ್ರಿ?’ ಅಂದಳು. ಅದನ್ನು ಅವರು ಬರೆದುಕೊಳ್ಳಲಿಲ್ಲ.

ಎರಡು ದಿನ ಅಂಗಡಿಗೆ ಹೋಗಿರಲಿಲ್ಲ. ಮಾಮಾ ಬೈದು ಬೈದು ಸುಸ್ತಾದ. ಕೊನೆಗೆ ಕೇಳಿದ: ‘ಮುದುಕಿಗೆ ಬಸ್ಸಿನ್ಯಾಗ ಸೀಟರ ಸಿಕ್ಕಿತ್ತಿಲ್ಲೋ?’


ಸೆಪ್ಟೆಂಬರ್ 5

ಈದ್ ಮಿಲಾದ್. ಜುಲೂಸಿಗೆ ಹೋಗಿದ್ದೆ. ಊರ ಗ್ರೂಪ್ ತುಂಬ ಗುಲಾಬಿ ಹೂವು, ಶಿಕ್ಷಕರ ದಿನದ ಶುಭಾಶಯ. ರಾವಸಾಬನದೂ ಇದೆ, ಕೈಮುಗಿದ ಚಿತ್ರ. ಮಾಸ್ತರರು ಎಲ್ಲರಿಗೂ ಧನ್ಯವಾದ ಹಾಕಿದ್ದಾರೆ. ನಾನು ಬರೆದೆ, ಅಳಿಸಿದೆ, ಬರೆದೆ, ಅಳಿಸಿದೆ.


ಸೆಪ್ಟೆಂಬರ್ 15, ಸೋಮವಾರ

ವಿಚಾರಣೆ ಮುಗಿಯಿತಂತೆ. ಆರೋಪ ಸಾಬೀತಾಗಿಲ್ಲ. ಮುಂದೆ ಎಚ್ಚರದಿಂದಿರಿ ಎಂದು ಒಂದು ಕಾಗದ. ಅಷ್ಟೆ. ಗ್ರೂಪಿನಲ್ಲಿ ಹಾಕಿದೆ. ಅದರ ಕೆಳಗೆ ಯಾರೋ ಎಮ್ಮೆ ಮಾರಾಟಕ್ಕಿದೆ ಎಂದು ಹಾಕಿದರು, ಅದಕ್ಕೆ ಉತ್ತರದ ಮೇಲೆ ಉತ್ತರ.

ಬೆಳಿಗ್ಗೆ ಮಾಸ್ತರರು ಅಂಗಡಿಗೆ ಬಂದರು. ನಂಬಲಾಗಲಿಲ್ಲ. ಮಾಮಾ ಎದ್ದು ನಿಂತ. ಬಿಲ್ ಪುಸ್ತಕ ಹೊಸದು ತಂದಿದ್ದಾನೆ, ಅದನ್ನು ಎರಡು ಸಲ ತೋರಿಸಿದ. ಮಾಸ್ತರರು ಒಂದೊಂದು ತತ್ತಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ಹಿಂದೆ ಗಿರಾಕಿಗಳು ನಿಂತಿದ್ದರು. ಯಾರೂ ಚೇಷ್ಟೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಬೈಕಿನ ಮೇಲೆ ಗೋಣಿಚೀಲ ಹಾಸಿದರು. ಟ್ರೇ ಇಟ್ಟೆ. ಹಗ್ಗ ನನ್ನ ಕಡೆ ಚಾಚಿದರು.

‘ಕಟ್ಟು.’

ಕಟ್ಟುತ್ತಿದ್ದೆ. ನಮ್ಮೂರವನೊಬ್ಬ ಬೈಕಿನಲ್ಲಿ ಹಾಯ್ದ, ಮುಂದೆ ಟ್ಯಾಂಕಿನ ಮೇಲೆ ಮಗ. ಒಂದನೇತ್ತೆಯೋ ಎರಡನೇತ್ತೆಯೋ. ಮಾಸ್ತರರನ್ನು ಕಂಡು ಹುಡುಗನ ಮುಖ ಅರಳಿತು. ಎರಡೂ ಕೈ ಎತ್ತಿ ಕೂಗಿದ:

‘ತತ್ತಿ ಮಾಸ್ತರ್ರೀ!’

ಕುಚೋದ್ಯ ಇರಲಿಲ್ಲ. ಅವನಿಗೆ ಅದೇ ಅವರ ಹೆಸರು. ಅಪ್ಪ ಬಾಯಿ ಮುಚ್ಚಲು ಹೋದ. ಮಾಸ್ತರರು ಕೈ ಬೀಸಿದರು. ‘ಲಗೂ ಬಾ, ಗಂಟಿ ಹೊಡೀತೈತಿ,’ ಅಂದರು.

ಗಂಟು ತಪ್ಪಿತ್ತು. ಬಿಚ್ಚಿ ಮತ್ತೆ ಕಟ್ಟಿದೆ. ಹೋದರು, ಮೆಲ್ಲಗೆ.

ಜುಲೈ 26ರ ಪುಟ ತೆಗೆದು ನೋಡಿದೆ. ಆ ಹೆಸರು ರಾವಸಾಬ ಇಟ್ಟ ಎಂದು ಬರೆದಿದ್ದೇನೆ. ಯಾರೂ ಓದದ ಕಡೆ, ನನಗೆ ನಾನೇ. ಅವನು ಇಡಲಿಲ್ಲ. ನಾನು ಎರಡು ಟ್ರೇ ಅಂದ ಮೇಲೆ ಎಲ್ಲರೂ ನಕ್ಕರು, ಅದು ಖರೇ. ಆಮೇಲೆ ನಗು ಇಳಿಯಿತು. ರಾವಸಾಬ ಒಲೆಯ ಕಡೆ ತಿರುಗಿದ್ದ. ಇನ್ನೊಂದು ಗಳಿಗೆ ಕಳೆದರೆ ಯಾರೂ ನನ್ನ ಕಡೆ ನೋಡುವುದಿಲ್ಲ ಅನ್ನಿಸಿತು. ಆಗ ನಾನು—